ನೀರು ತೋರಿಸಿದವನು

"ಅಜ್ಜಾರ, ನಾವು ಮಾಡಿದ ಚಿತ್ರ ಗೆದ್ದಿತೋ ಸೋತಿತೋ ಅಂತ ಹೆಂಗ ತಿಳಕೋಬೇಕು?" ಎಂದು ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಕೊಟ್ರೇಶ ಕೇಳಿದ.

ಕಂಪ್ಯೂಟರಿನಲ್ಲಿ ಚಿತ್ರಗಳಿಗೆ ಚಲನೆ ಕೊಡುವುದು ಅವನ ಕೆಲಸ. ನೆರಳಿನ ನಡಿಗೆಯನ್ನು ಮಾತ್ರ ತೊಗಲುಗೊಂಬೆ ಆಡಿಸುವ ಎಂಕೋಬಜ್ಜನ ಬಳಿ ಕಲಿಯುತ್ತಿದ್ದ. ಹೊಳೆದಂಡೆಯ ಹಳ್ಳಿಯವರು ಮಳೆಗಾಲಕ್ಕೆ ಮೊದಲೇ ಎತ್ತರದ ಜಾಗಕ್ಕೆ ಹೋಗಲಿ ಎಂದು ಅವನೊಂದು ಪ್ರವಾಹದ ಗ್ರಾಫಿಕ್ಸ್ ಮಾಡಿದ್ದ. ಅದನ್ನು ನಾಳೆ ಅವರಿಗೆ ತೋರಿಸಬೇಕು. ಆಫೀಸಿನಲ್ಲಿ ನೋಡಿದವರೆಲ್ಲ ಚಪ್ಪಾಳೆ ತಟ್ಟಿದ್ದರು. ಆದರೂ ಅವನಿಗೆ ಒಂದೇ ಚಿಂತೆ. ನೋಡಿದವರು ಅಲ್ಲೇ ಉಳಿದು, ಹೊಳೆ ಮೇಲೆ ಬಂದರೆ?

ಅಜ್ಜ ಎಲೆಯಡಿಕೆ ಉಗುಳಿ ಬಂದು ಕೂತ. "ನಮ್ಮ ಮುತ್ತಜ್ಜ ಒಂದು ದೀಪ, ಒಂದು ತುಂಡು ಚರ್ಮ ಇಟ್ಕೊಂಡು ಇಡೀ ಊರನ್ನ ಗುಡ್ಡ ಹತ್ತಿಸಿದ್ದ. ಕಂಡವರು ಈಗ ಒಬ್ಬರೂ ಇಲ್ಲ. ಹಂಗಾಗಿ ನಾ ಹೇಳಿದ್ದೇ ಖರೆ," ಎಂದು ಮೀಸೆ ತೀಡಿ ಕತೆ ಎತ್ತಿದ.

ಒಬ್ಬ ಪಾಳೇಗಾರನಿದ್ದ. ಅವನ ಕೆರೆಯ ಏರಿ ಬಿರುಕು ಬಿಟ್ಟಿತು. ಏರಿಯ ಕೆಳಗೊಂದು ಊರು. ಊರು ಬಿಡಿ ಎಂದು ಡಂಗುರ ಹೊಡೆಸಿದ. ಊರವರು ಆಕಳಿಸಿದರು. ತಾತಂದಿರ ಕಾಲದಿಂದ ನಿಂತ ಏರಿ ಇನ್ನೊಂದು ಮಳೆಗಾಲ ನಿಲ್ಲದೇನು ಎಂದರು. ಪಾಳೇಗಾರ ಗೊಂಬೆಯಾಟದವನನ್ನು ಕರೆಸಿದ. ಇವರಿಗೆ ನೀರು ತೋರಿಸು ಎಂದ.

ಆಟದವನು ತನ್ನ ಕೈಚಳಕವನ್ನೆಲ್ಲ ಸುರಿದ. ದೀಪಕ್ಕೆ ರಾಳದ ಪುಡಿ ಎರಚಿ ಮಿಂಚು ಹೊಡೆಸಿದ. ಅಲೆಗಳನ್ನು ಮುಗಿಲಿಗೆ ಎತ್ತಿದ. ಆನೆಯನ್ನು ಮುಳುಗಿಸಿದ, ಅರಮನೆಯನ್ನು ಮುಳುಗಿಸಿದ. ಜನ ಸಿಳ್ಳೆ ಹೊಡೆದರು. "ಆನೆ ಇನ್ನೊಂದ್ಸಲ ಮುಳುಗ್ಸೋ ಮಾರಾಯ!" ಎಂದು ಕೂಗಿದರು. ಆಮೇಲೆ ನಗುನಗುತ್ತ ಮನೆಗೆ ಹೋಗಿ ಏರಿಯ ಕೆಳಗೇ ಮಲಗಿದರು.

ಚಪ್ಪಾಳೆ ಕೇಳಿ ಆಟದವನು ಹಿಗ್ಗಿದ್ದ. ಬೆಳಿಗ್ಗೆ ಪಾಳೇಗಾರ ಬಂದು ನಿಂತ. "ಇವತ್ತೂ ಊರು ಕದಲದಿದ್ದರೆ, ನಿನ್ನನ್ನೂ ನಿನ್ನ ಮಕ್ಕಳನ್ನೂ ಆ ಬಿರುಕಿನ ಬಾಯಿಗೇ ಕಟ್ಟಿಸುತ್ತೇನೆ" ಎಂದ.

ಆಟದವನು ಹಗಲೆಲ್ಲ ಊರಿನ ಓಣಿಗಳಲ್ಲಿ ತಿರುಗಿದ. ಒಂದು ಬಾಗಿಲು ನೋಡಿದ. ಹೊಸ್ತಿಲ ಮೇಲೊಂದು ಕೋಳಿ, ಪಕ್ಕದಲ್ಲೊಂದು ಒರಳು. ಒಳಗೊಂದು ತೊಟ್ಟಿಲು. ಅಷ್ಟನ್ನೇ ಚರ್ಮದಲ್ಲಿ ಕತ್ತರಿಸಿದ.

ಸಂಜೆ ಪರದೆ ಕಟ್ಟಿದ. ಮದ್ದಳೆಯವನಿಗೆ ಸುಮ್ಮನಿರು ಎಂದ. ಪರದೆಯ ಬುಡದಿಂದ ನೀಲಿ ಚರ್ಮದ ಒಂದು ಪಟ್ಟಿಯನ್ನು ಎಳ್ಳಷ್ಟೆಳ್ಳಷ್ಟೇ ಮೇಲೆತ್ತಿದ. ನೀರು ಹೊಸ್ತಿಲಿಗೆ ಬಂತು. ಕೋಳಿ ಒರಳ ಮೇಲೆ ಹಾರಿತು. ನೀರು ಒರಳಿಗೆ ಬಂತು. ಕೋಳಿ ಸೂರಿಗೆ ಹಾರಿತು. ನೀರು ತೊಟ್ಟಿಲ ಬಟ್ಟೆಯನ್ನು ಮುಟ್ಟಿತು.

"ಅವ್ವಾ, ನಮ್ಮ ಕೋಳಿ," ಎಂದಿತು ಒಂದು ಮಗು.

ಆಮೇಲೆ ಪರದೆಯ ಆಚೆಯಿಂದ ಸಿಳ್ಳೆಯಿಲ್ಲ, ನಗುವಿಲ್ಲ, ಕೆಮ್ಮೂ ಇಲ್ಲ. ಮಂಗಳ ಹಾಡುವ ತನಕ ಆಡಿಸುವವನು ಪರದೆಯ ಮುಂದೆ ಬರಬಾರದು. ಅದು ಅವರ ಕುಲದ ಕಟ್ಟಳೆ. ಅವನಿಗೆ ಜನರು ಬರೀ ಕಿವಿಗಷ್ಟೇ ಸಿಕ್ಕುವವರು; ಈಗ ಅದಕ್ಕೂ ಸಿಗಲಿಲ್ಲ. ಎಲ್ಲರೂ ನಿದ್ದೆ ಹೋದರು, ತಾನು ಕೆಟ್ಟೆ ಎಂದುಕೊಂಡ. ಪಾಳೇಗಾರನ ಹಗ್ಗ ಆಗಲೇ ಮೈಗೆ ಸುತ್ತಿದಂತಾಯಿತು. ಹೇಗೋ ಮಂಗಳ ಹಾಡಿ ಮುಗಿಸಿದ. ದೀಪ ಹಿಡಿದು ಪರದೆಯ ಮುಂದೆ ಬಂದ.

ಒಬ್ಬರೂ ಇರಲಿಲ್ಲ.

ಹಾಸಿದ ಚಾಪೆಗಳು ಹಾಸಿದಂತೆಯೇ ಇದ್ದವು. ಊರಿನ ಬಾಗಿಲುಗಳೆಲ್ಲ ತೆರೆದಿದ್ದವು. ದೂರದ ಗುಡ್ಡದಲ್ಲಿ ದೊಂದಿಗಳ ಸಾಲು ಸದ್ದಿಲ್ಲದೆ ಮೇಲೇರುತ್ತಿತ್ತು. ಅವನು ನಿಂತ ನೆಲ ಪಾದಕ್ಕೆ ತಣ್ಣಗೆ ಹತ್ತಿತು. ಬಗ್ಗಿ ಮುಟ್ಟಿ ನೋಡಿದ. ಒದ್ದೆ.

"ಗೊಂಬೆ ಬಿಟ್ಟು ಓಡೋ!" ಎಂದು ಮದ್ದಳೆಯವನು ಕಿರುಚಿದ. ಇಬ್ಬರೂ ಗುಡ್ಡದ ಬುಡ ಮುಟ್ಟುವಾಗ ಹಿಂದೆ ಏರಿ ಒಡೆದ ಸದ್ದು ಕೇಳಿತು. ತಿರುಗಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಅಜ್ಜ ಕತೆ ನಿಲ್ಲಿಸಿದ.

"ಅದು ಯಾವ ಕೆರಿ, ಅಜ್ಜಾರ?"

"ಇದೇ, ನಮ್ಮೂರ ಮೂಡಲ ಕೆರಿ."

ಕೊಟ್ರೇಶ ಜೋರಾಗಿ ನಕ್ಕುಬಿಟ್ಟ. "ಸುಳ್ಳಿಗೂ ಒಂದು ಅಳತಿ ಬೇಕ್ರೀ! ಆ ಏರಿ ಒಡೆದಿದ್ರ ಅದರ ಬುಡದಾಗಿನ ಹನುಮಪ್ಪನ ಗುಡಿ ಉಳೀತಿತ್ತೇನು? ಅದು ಪಾಳೇಗಾರರಿಗಿಂತ ಹಳೇದು. ಅಲ್ಲಿ ನೀರೂ ಬಂದಿಲ್ಲ, ಯಾರೂ ಗುಡ್ಡಾನೂ ಹತ್ತಿಲ್ಲ."

ಅಜ್ಜ ಭುಜ ಕುಣಿಸಿದ. "ಬಂದಿಲ್ಲ ಅಂತಾನ ಇಟ್ಕೋ ತಮ್ಮಾ, ಮತ್ತ ನೀ ಯಾಕ ಎರಡೂ ಕಾಲು ಮಂಚದ ಮ್ಯಾಲ ಎಳಕೊಂಡು ಕುಂತೀ?"

ಕೊಟ್ರೇಶ ತನ್ನ ಕಾಲುಗಳನ್ನು ನೋಡಿಕೊಂಡ. ಇಳಿಸಲಿಲ್ಲ.