ಗಿರಣಿಯ ತಕ್ಕಡಿ

ಹಿಟ್ಟಿನ ಗಿರಣಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಒಂದು ಪುಟ್ಟ ಚಿಪ್ ಇತ್ತು. ಒಂದು ವೋಲ್ಟ್ ಎಂದರೆ ಎಷ್ಟೆಂದು ತಕ್ಕಡಿಯ ಉಳಿದ ಭಾಗಗಳಿಗೆ ಒಂದೇ ಸಮನೆ ಹೇಳುತ್ತಿರುವುದು ಅದರ ಕೆಲಸ. ಆದರೆ ಗಿರಣಿಯ ಮೋಟಾರು ಓಡಿದಾಗಲೆಲ್ಲ ಕರೆಂಟು ನಡುಗುತ್ತಿತ್ತು, ಚಿಪ್ ತೊದಲುತ್ತಿತ್ತು, ತೂಕ ತಪ್ಪುತ್ತಿತ್ತು.

“ಅಲ್ಲ ಕಣಪ್ಪ, ಇದೇ ರಾಗಿ ಮೋಟಾರು ನಿಂತಾಗ ಐದು ಕೆಜಿ, ಓಡುವಾಗ ಐದೂಕಾಲು! ಈ ತಕ್ಕಡೀನ ಗುಜರಿಗೆ ಹಾಕು” ಎಂದು ರಾಗಿ ಬೀಸಿಸಲು ಬಂದಿದ್ದ ಹೊಂಬಾಳಮ್ಮ ಗಿರಣಿಯವನನ್ನು ಗದರಿದಳು.

ಹೆದರಿದ ಚಿಪ್, “ತಾಯಿ, ಸ್ವಲ್ಪ ಮೆಲ್ಲಗೆ ಬಾ” ಎಂದು ಕರೆಂಟನ್ನು ಬೇಡಿಕೊಂಡಿತು.

“ಮೋಟಾರು ನನ್ನನ್ನು ಕುಲುಕಿದರೆ ನಾನೇನು ಮಾಡಲಿ ಮಗು?” ಎಂದಿತು ಕರೆಂಟು.

ಗಿರಣಿಯವನು ಕರೆಸಿದ ರಿಪೇರಿಯ ಅಸ್ಲಂ ಬಂದು ಕರೆಂಟಿಗೂ ಚಿಪ್‌ಗೂ ನಡುವೆ, ಕರೆಂಟನ್ನು ಹದ ಮಾಡಿ ಬಿಡುವ ಒಂದು ಟ್ರಾನ್ಸಿಸ್ಟರ್ ಕೂರಿಸಿದ. ಚಿಪ್‌ನಿಂದ ಅದಕ್ಕೊಂದು ತಂತಿಯನ್ನೂ ಎಳೆದ.

“ಇನ್ನು ನಡುಕವೆಲ್ಲ ನನಗಿರಲಿ, ನೀನು ನೆಮ್ಮದಿಯಾಗಿ ಮಾತಾಡು” ಎಂದಿತು ಟ್ರಾನ್ಸಿಸ್ಟರ್.

ಮೋಟಾರು ಓಡಿತು. ಏಟೆಲ್ಲ ಟ್ರಾನ್ಸಿಸ್ಟರಿನ ಮೇಲೆ ಬಿತ್ತು. ಚಿಪ್ ಅಲುಗಲಿಲ್ಲ. ರಾಗಿ ಐದೇ ಕೆಜಿ ತೂಗಿತು.

“ಅಣ್ಣಾ, ನೀನು ಹೇಗೆ ತಡೆದುಕೊಂಡೆ?” ಎಂದು ಚಿಪ್ ಕಣ್ಣು ತುಂಬಿಕೊಂಡು ಕೇಳಿತು.

“ಆ ತಂತಿಯಲ್ಲಿ ನಿನ್ನ ಮಾತು ಕೇಳುತ್ತಿತ್ತಲ್ಲ ತಮ್ಮಾ, ಅದನ್ನೇ ಹಿಡಿದುಕೊಂಡು ನಿಂತಿದ್ದೆ.”