ಮಾದರಿ ನೀರು

ಹೇಳಿ ನೋಡೋಣ! ಮಗ ಬಾಟಲಿಯಲ್ಲಿ ನೀರು ತಂದ, ಸಾಹೇಬರು ಭೇಷ್ ಅಂದರು, ಅವ್ವ ಮಾತ್ರ ಎದೆ ಎದೆ ಬಡಕೊಂಡಳು. ಏನಾಗಿರಬೇಕು? ಹೊಳೆಯಲಿಲ್ಲವೇ? ಹಾಗಾದರೆ ಕೇಳಿ.

ನೀಲವ್ವನಿಗೆ ಒಬ್ಬ ಮಗ, ಗುರುಪಾದ. ಅವನು ಎಂಟನೇ ಇಯತ್ತೆಯಲ್ಲಿದ್ದ, ಅವನ ಬುದ್ಧಿ ಇನ್ನೂ ಶಾಲೆಗೆ ಹೆಸರು ಹಚ್ಚಿರಲಿಲ್ಲ! ಒಬ್ಬಳು ಮಗಳು, ಶಾಂತಿ. ಕೂಸು ವಾಂತಿ-ಭೇದಿಯಾಗಿ ಹಾಸಿಗೆ ಹಿಡಿದಿತ್ತು. ಮಳೆ ಬಿತ್ತೆಂದರೆ ಸಾವ್ಕಾರನ ಬಣ್ಣದ ಭಟ್ಟಿಯ ಅಂಗಳ ತೊಳೆದ ನೀರು ಕೆಂಪಗೆ ಹರಿದು ಓಣಿಯ ಬಾವಿಗೇ ಇಳಿಯುತ್ತಿತ್ತು. ಕೂಸಿಗಾಗಿ ನೀಲವ್ವ ಊರ ಹೊರಗಿನ ಬೋರಿನಿಂದ ಕೊಡ ಹೊರುತ್ತಿದ್ದಳು.

ಶಾಲೆಯಲ್ಲಿ ವಿಜ್ಞಾನದ ಅಕ್ಕೋರು ಒಂದು ಪ್ರಯೋಗ ಹೂಡಿದರು. ಮಳೆನೀರು ಹರಿಯುತ್ತ ಏನೇನು ಹೊತ್ತು ತರುತ್ತದೆ ಅಂತ ಮಕ್ಕಳೇ ಕಂಡುಹಿಡಿಯಬೇಕು. ನೀರು ಕೆಟ್ಟಿದೆ ಅಂತ ಸಾಬೀತಾದರೆ ಭಟ್ಟಿಗೆ ಬೀಗ, ಓಣಿಗೆ ನಳ! ಬಾವಿಯ ಪಕ್ಕದ ಮನೆ ಯಾರದು? ಗುರುಪಾದನದು!

"ಗುರುಪಾದ, ಮಳಿ ಬಂದ ಕೂಡ್ಲೆ ಬಾವಿಗೆ ಹರಿಯೂ ನೀರು ಹಿಡಕೊಂಡು ಬಾ!"

ಮಳೆ ಬಂತು. ಹಿಡಿದ. ಎರಡೂ ಮುಷ್ಟಿ ಬಿಗಿಹಿಡಿದು ಶಾಲೆತನಕ ಓಡಿದ. ಬಿಚ್ಚಿದರೆ ಬರೀ ಕೆಂಪು ಅಂಗೈ!

"ಲೇ ಮಬ್ಬ! ಬಾಟಲಿಯೊಳಗ ತುಂಬಬೇಕೋ!"

ಮತ್ತೆ ಮಳೆ ಬಂತು. ತುಂಬಿದ. ಸೀಮೆಎಣ್ಣೆಯ ಬಾಟಲಿಯಲ್ಲಿ!

"ಅಯ್ಯ ನಿನ್ನ! ಬಾಟಲಿ ಸ್ವಚ್ಛ ತೊಳದು ತಾರೋ!"

ಮತ್ತೆ ಮಳೆ ಬಂತು. ತುಂಬಿದ. ತುಂಬಿದ ಮೇಲೆ ಒಳಗೂ ಹೊರಗೂ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ತೊಳೆದ. ಥಳಥಳ ಹೊಳೆಯುವ ಖಾಲಿ ಬಾಟಲಿ ತಂದ!

ಅಕ್ಕೋರು ಅಳುವುದೊಂದು ಬಾಕಿ. ಅವರೇ ತರಬಹುದಿತ್ತಲ್ಲ ಅಂತೀರಾ? ಮಕ್ಕಳ ಕೈಯಿಂದಲೇ ಮಾಡಿಸಬೇಕು ಅಂತ ಮೇಲಿನವರ ಹುಕುಂ!

"ನಾಳೆ ಬಾವಿ ನೀರು ಪರೀಕ್ಷಾ ಮಾಡಾಕ ಜಿಲ್ಲಾದಿಂದ ಸಾಹೇಬ್ರು ಬರ್ತಾರ. ತೊಳದ ಬಾಟಲಿಯೊಳಗ ನೀರಿನ ಮಾದರಿ ತಾ. ಮಾದರಿ! ತಿಳೀತಿಲ್ಲೋ?"

ಮನೆಗೆ ಬಂದು ಕೇಳಿದ: "ಯವ್ವಾ, ಮಾದರಿ ಅಂದ್ರೇನ?"

"ಮಾದರಿ ಶಾಲಿ ಅಂತಾರ, ಮಾದರಿ ಮಗ ಅಂತಾರ. ನಾಕ ಮಂದಿ ನೋಡಿ ಭೇಷ್ ಅನ್ನೂವಂಥಾದ್ದು! ನೀ ಅಂತೂ ಆಗ್ಲಿಲ್ಲ, ನೀರರ ತಗೊಂಡು ಹೋಗು!"

ಮರುದಿನ ಹೋದ. ಸಾಹೇಬರಿಗೆ ಅವಸರ. ಅಕ್ಕೋರು ಬರುವ ಮೊದಲೇ ಅವನ ಕೈಯಿಂದ ಬಾಟಲಿ ಕಸಿದು ಬೆಳಕಿಗೆ ಹಿಡಿದರು, ಮೂಸಿದರು, ಔಷಧದ ಹನಿ ಹಾಕಿದರು. "ಭೇಷ್! ಈ ಬಾವಿ ನೀರಿನಷ್ಟು ಶುದ್ಧ ನೀರು ಜಿಲ್ಲಾದಾಗಿಲ್ಲ!" ಸಹಿ ಜಡಿದು ಜೀಪು ಹತ್ತಿದರು.

"ಲೇ, ಎಲ್ಲಿಂದ ತಂದ ನೀರೋ ಅದು?" ಅಂದರು ಓಡಿ ಬಂದ ಅಕ್ಕೋರು.

"ಸಾವ್ಕಾರ್ರ ಮನೀ ಫಿಲ್ಟರಿಂದ್ರೀ! ಊರಾಗ ಅದಕ್ಕಿಂತ ಮಾದರಿ ನೀರು ಯಾವುದೈತ್ರೀ?"

ಅಕ್ಕೋರು ಜೀಪಿನ ಹಿಂದೆ ಓಡಿದರು. ಜೀಪು ಭಟ್ಟಿಯ ಮುಂದೆ ನಿಂತಿತ್ತು. ಸಾವ್ಕಾರ ಸಾಹೇಬರಿಗೆ ಎಳನೀರು ಕೆತ್ತಿಸುತ್ತಿದ್ದ.

"ಸಹಿ ಆಗೇತಲ್ರೀ ಅಕ್ಕೋರ" ಅಂದರು ಸಾಹೇಬರು.

ಇತ್ತ ನೀಲವ್ವ ಕೊಡ ಹೊತ್ತು ಹೊಸ್ತಿಲು ದಾಟಿದರೆ, ಗುರುಪಾದ ತಂಗಿಯ ತಲೆ ಎತ್ತಿ ಹಿಡಿದು ತಂಬಿಗೆ ಅವಳ ತುಟಿಗೆ ಹಚ್ಚಿದ್ದ. ಕೂಸಿನ ಗದ್ದದಿಂದ ಕೆಂಪು ನೀರು ಇಳಿಯುತ್ತಿತ್ತು.

"ಏನ ಕುಡಿಸಿದ್ಯೋ ಪಾಪಿ!"

"ಇನ್ನ ನೀ ಕೊಡ ಹೊರಬ್ಯಾಡ ಯವ್ವಾ! ನಮ್ಮ ಬಾವಿ ನೀರು ಶುದ್ಧ ಐತಿ ಅಂತ ಸಾಹೇಬ್ರು ಸಹಿ ಮಾಡ್ಯಾರ!"

ಇದು ನಡೆದದ್ದು ಎರಡು ಸಾವಿರದ ಹತ್ತೊಂಬತ್ತನೇ ಇಸವಿ, ಆಗಸ್ಟ್ ಇಪ್ಪತ್ತೆರಡು, ಗುರುವಾರ.