ಹೊಳೆಮತ್ತಿಗೆ ಬಳಿದ ಸುಣ್ಣ

"ಗುರುಗಳೇ, ವರುಷಗಟ್ಟಲೆ ಬಾಯಿಪಾಠ ಮಾಡಿದ ವಾದಗಳಲ್ಲಿ ನನಗೀಗ ನಂಬಿಕೆಯಿಲ್ಲ. ಒಂದೊಂದಾಗಿ ಕಳಚಿ ಬೀಳುತ್ತಿವೆ. ನಾಳೆ ಸಭೆಯಲ್ಲಿ ಪಂಡಿತರ ಎದುರು ಕೂರಬೇಕು. ಅವೆಲ್ಲ ಇನ್ನೂ ನನ್ನಲ್ಲಿವೆ ಎಂದು ತೋರಿಸಿಕೊಳ್ಳಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಸುಣ್ಣ ಬಳಿಯುವವನೊಬ್ಬನಿದ್ದ. ಅರಸ ಆ ದಾರಿಯಲ್ಲಿ ಬರುವಾಗಲೆಲ್ಲ ಸಾಲುಮರಗಳ ಬುಡಕ್ಕೆ ಸುಣ್ಣದ ಪಟ್ಟೆ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಅವನ ಕೆಲಸ. ಅದಕ್ಕಾಗಿ ಊರವರು ಅವನಿಗೊಂದು ತುಂಡು ಹೊಲ ಬಿಟ್ಟುಕೊಟ್ಟಿದ್ದರು. ಒಂದು ಮರ ಬೋಳಾಗಿ ಕಂಡರೂ ಹೊಲ ಹೋಯಿತೆಂದು ಗೌಡರು ಹೇಳಿದ್ದರು. ಗೌಡರು ಆಡಿದಂತೆ ಮಾಡುವವರೇ.

ಒಂದು ಸಲ ಅರಸ ಬರುವ ಸುದ್ದಿ ಬಂದಾಗ ನೂರು ಮರ ಸುಮ್ಮನೆ ಬಳಿಸಿಕೊಂಡವು. ತಿರುವಿನ ಹೊಳೆಮತ್ತಿ ಮರ ಮಾತ್ರ ಏನು ಮಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಅದು ತೊಗಟೆ ಕಳಚುವ ಕಾಲ. ಸಂಜೆ ಬಳಿದದ್ದು ಬೆಳಗಾಗುವಷ್ಟರಲ್ಲಿ ತೊಗಟೆಯ ಸಮೇತ ನೆಲದಲ್ಲಿರುತ್ತಿತ್ತು. ಅವನಿಗೆ ರೇಗಿತು. ಸುಣ್ಣಕ್ಕೆ ಬೇಲದ ಅಂಟು ಬೆರೆಸಿ ದಪ್ಪಗೆ ಮೆತ್ತಿದ. ಸುಣ್ಣವೇನೋ ತೊಗಟೆಯನ್ನು ಬಿಡಲಿಲ್ಲ, ತೊಗಟೆಯೇ ಮರವನ್ನು ಬಿಟ್ಟಿತು. ಅಂಟು ಒಣಗಿ ಬಿಗಿದು ಎಳೆದ ಎಳೆತಕ್ಕೆ, ಉಳಿದಿದ್ದ ಹಳೆಯ ತೊಗಟೆಯೂ ಅರಸ ಬರುವ ದಿನವೇ ಕಿತ್ತು ಬಂತು.

ಅವನು ಕುಂಚ ಹಿಡಿದು ಓಡಿ ಬಂದ. ಮರ ನುಣ್ಣಗೆ ನಿಂತಿತ್ತು. ಒಂದೆಡೆ ಬೂದಿ ಬಣ್ಣ, ಒಂದೆಡೆ ತಿಳಿಹಸಿರು, ಒಂದೆಡೆ ಎಳೆಮಗುವಿನ ಅಂಗಾಲಿನ ಕೆಂಪು. ಮೂವತ್ತು ವರುಷ ಮರಗಳಿಗೆ ಬಳಿದವನು ಒಂದು ಮರವನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಅಷ್ಟರಲ್ಲಿ ಕಹಳೆ ಕೇಳಿಸಿತು. "ಏನ್ ನೋಡ್ತಾ ನಿಂತೆಯೋ? ಬಳಿ ಬೇಗ!" ಎಂದು ಗೌಡರು ಗದರಿದರು.

"ಹೊಲ ತಗೊಳ್ಳಿ ಗೌಡ್ರೇ. ಇದಕ್ಕೆ ಮಾತ್ರ ನಾನು ಬಳಿಯೋದಿಲ್ಲ" ಎಂದು ಅವನು ಕುಂಚ ಕೆಳಗಿಟ್ಟ.

ಅರಸ ನೂರು ಮರ ದಾಟಿ ಬಂದ, ಒಂದರತ್ತಲೂ ತಿರುಗಲಿಲ್ಲ. ತಿರುವಿನಲ್ಲಿ ಕುದುರೆ ನಿಲ್ಲಿಸಿ ಇಳಿದ. ಹೊಳೆಮತ್ತಿಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ. ಇದನ್ನು ಬಳಿಯದೆ ಬಿಟ್ಟವನು ಯಾರೆಂದು ಕೇಳಿದ. ಗೌಡರು ತಡಮಾಡದೆ ಬೆರಳು ತೋರಿಸಿದರು. ಅರಸ ಅವನಿಗೆ ಆ ಹೊಲದ ಜೊತೆ ಇನ್ನೊಂದು ಹೊಲ ಕೊಡಿಸಿ, ಉಳಿದ ನೂರು ಮರಗಳನ್ನೂ ತೊಳೆಯಬೇಕೆಂದು ಅಪ್ಪಣೆ ಮಾಡಿದ. ಮೊದಲ ಕೊಡ ಹೊತ್ತು ತಂದವರು ಗೌಡರೇ. ಸುಣ್ಣದವನು ಮರದ ಕೆಳಗೆ ತಲೆಯೆತ್ತಿ ನಿಂತು ನೋಡುತ್ತಿದ್ದ.

ಕತೆ ಕೇಳಿದ ಶಿಷ್ಯ, "ಹಾಗಾದರೆ ನಾಳೆ ಸಭೆಗೆ ಏನನ್ನು ತೆಗೆದುಕೊಂಡು ಹೋಗಲಿ?" ಎಂದ.

ಗುರುಗಳು ಹೇಳಿದರು: "ಅಂಟಿನ ಕುಡಿಕೆಯನ್ನು ಇಲ್ಲೇ ಇಟ್ಟು ಹೋಗು."